ಕಿವಿಗೆ ರಜ

೧೨ ಜುಲೈ ೧೯೯೪, ಮಂಗಳವಾರ

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬೆಳಗಿನ ಶಿಫ್ಟು. ಬೋರ್ಡಿನ ಮುಂದೆ ಕೂತಾಗಿನಿಂದ ಏಳುವವರೆಗೆ ಬರೀ ದನಿಗಳು. ಬೆಂಗಳೂರಿಗೆ ಟ್ರಂಕ್ ಕಾಲ್, ತಿಪಟೂರಿನ ಕೊಬ್ಬರಿ ರೇಟು, ಮೈಸೂರಿಗೆ ಅರ್ಜೆಂಟು. ಇಡೀ ನಾಗಮಂಗಲ ನನ್ನ ಎಡಗಿವಿಯೊಳಗೇ ಮಾತಾಡುತ್ತೆ. ಹೆಡ್‌ಫೋನ್ ತೆಗೆದಿಟ್ಟರೂ ಒಳಗೆ ಸಣ್ಣಗೆ ಒಂದು ಶಿಳ್ಳೆ...

ಮನೆಗೆ ಬಂದರೆ ಅತ್ತೆಮ್ಮ. ಅವರಿಗೆ ಕಿವಿ ಸ್ವಲ್ಪ ಮಂದ, ಮಾತು ಜೋರು. ಬೆಳಗಿನಿಂದ ಕೂಡಿಟ್ಟಿದ್ದೆಲ್ಲ ನಾನು ಚಪ್ಪಲಿ ಬಿಡುವಷ್ಟರಲ್ಲಿ ಶುರು.

ಸಂಜೆ ಒಲೆ ಮುಂದೆ ನಿಂತಿದ್ದೆ. ಅರ್ಪಿತ ಹಿಂದಿನಿಂದ ಬಂದು "ಅಮ್ಮಾ" ಅಂದಳು. "ಲೈನ್ ಬಿಜಿ ಇದೆ, ಆಮೇಲೆ ಮಾಡಿ" ಅಂದುಬಿಟ್ಟೆ! ಬಿದ್ದು ಬಿದ್ದು ನಕ್ಕಳು. ಆಮೇಲೆ ಯಾಕೋ ನಗು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. "ಚೆನ್ನಾಗಿದ್ದೀಯೇನಮ್ಮ?" ಹೈಸ್ಕೂಲಿನ ಹುಡುಗಿ ತಾಯಿಯನ್ನು ಕೇಳೋ ಪ್ರಶ್ನೆಯಾ ಇದು.

೧೮ ಜುಲೈ

ಡಾಕ್ಟರ ಹತ್ತಿರ ಹೋಗಿದ್ದೆ. ಟಾರ್ಚ್ ಬಿಟ್ಟು ನೋಡಿದರು. "ಕಿವಿಗೇನೂ ಆಗಿಲ್ಲಮ್ಮ. ದಣಿದಿರೋದು ನೀವು. ಒಂದು ವಾರ ಎಲ್ಲಾದರೂ ಹೋಗಿ. ಯಾರೂ ಮಾತಾಡಿಸದ ಕಡೆ."

ಮನೆಗೆ ಬಂದು ಇವರಿಗೆ ಹೇಳಿದೆ. "ಓಗ್ ಬಾ, ಯಾರ್ ಬ್ಯಾಡ ಅಂದೋರು" — ಪೇಪರಿನಿಂದ ತಲೆ ಎತ್ತಲಿಲ್ಲ. "ಆದ್ರೆ ಮನೆ ಕಡೆ...?"

ಸಿದ್ದಲಿಂಗಮ್ಮ ನೆನಪಾದಳು. ಟ್ರೈನಿಂಗಿನಲ್ಲಿ ಒಟ್ಟಿಗಿದ್ದವಳು. ಮದುವೆಯಾಗಿ ಕೆಲಸ ಬಿಟ್ಟಳು. ಗಂಡ ತಮ್ಮಯ್ಯನಿಗೆ ಕೆ.ಆರ್.ಎಸ್. ಅಣೆಕಟ್ಟೆಯಲ್ಲಿ ಗೇಟಿನ ಕೆಲಸ, ಅಲ್ಲೇ ಕ್ವಾರ್ಟರ್ಸು. ಅಣೆಕಟ್ಟೆ ಆಫೀಸಿಗೆ ಫೋನು ಮಾಡಿ ಕರೆಸಿದೆ. "ಬಾರೇ. ನಾನೂ ಮಾತಾಡ್ಸಕಿಲ್ಲ ಬುಡು. ಉಣ್ಣು, ಇನ್ನೀರ್ ತಾವ ಓಗಿ ಬಿದ್ಕೊ."

ಹಿನ್ನೀರು... ಆ ಒಂದು ಮಾತು ದಿನವಿಡೀ ಒಳಗೆ ತೇಲುತ್ತಿತ್ತು.

೯ ಆಗಸ್ಟ್

ಮಂಜೂರಾದ ರಜ ಕ್ಯಾನ್ಸಲ್. ಜೊತೆಯವಳಿಗೆ ಹೆರಿಗೆ ಮುಂಚೆಯೇ ಆಯಿತು. ಸೂಪರ್‌ವೈಸರ್ ಕೈ ಮುಗಿಯುವುದೊಂದು ಬಾಕಿ. ತೆಗೆದಿಟ್ಟ ಸೀರೆಗಳು ಮತ್ತೆ ಬೀರುವಿಗೆ.

೧೩ ಸೆಪ್ಟೆಂಬರ್

ಗೌರಿ ಹಬ್ಬ ಮುಗಿಯಿತು. ನಾದಿನಿಯರು ಬಂದರು, ಹೋದರು. ಮುಂದೆ ಪಿತೃಪಕ್ಷ, ಆಮೇಲೆ ದಸರೆ.

ಬೆಳಗಿನ ಜಾವ ಕನಸು. ಬೋರ್ಡಿನ ವೈರುಗಳೆಲ್ಲ ನೀರಿನಡಿ ಪಾಚಿಯ ಹಾಗೆ ಮೆಲ್ಲಗೆ ಆಡುತ್ತಿದ್ದವು. ದೀಪಗಳು ಹತ್ತುತ್ತಿದ್ದವು, ಆರುತ್ತಿದ್ದವು. ಯಾರೋ ಕರೆಯುತ್ತಿದ್ದಾರೆ, ದನಿಯಿಲ್ಲ. ನಾನು ಸುಮ್ಮನೆ ನೋಡುತ್ತ... ಅಲಾರಂ.

೮ ನವೆಂಬರ್

ದೀಪಾವಳಿ ಕಳೆದದ್ದೇ ರಜ ಬರೆದುಕೊಟ್ಟೆ. ಸಿಕ್ಕಿತು. ಸೋಮವಾರದಿಂದ ಒಂದು ವಾರ. ಊಟಕ್ಕೆ ಕೂತಾಗ ಹೇಳಿದೆ. ಇವರು "ಅವ್ವನ್ನ ನೋಡ್ಕಳೋರು..." ಅಂತ ಎಳೆದರು.

"ನಾನೂ ಓಯ್ತೀನಿ ಅವಳ್ ಜೊತೆ" ಅಂದರು ಅತ್ತೆಮ್ಮ.

ಮುರಿದ ಮುದ್ದೆ ತಟ್ಟೆಗೇ ಇಟ್ಟು ಅವರನ್ನು ನೋಡಿದೆ. ಇವರೂ ಬೆಪ್ಪಾದರು. "ನಮ್ಗೆ ಅಡ್ಗೆ?"

"ಅಪ್ಪ ಮಗಳು ಬೇಯ್ಸ್ಕಳಿ. ಕೈ ಇಲ್ವಾ?"

ಬೇಡ ಅನ್ನುವುದು ಹೇಗೆ? ಎಪ್ಪತ್ತರ ಹತ್ತಿರದ ಜೀವ. ಆದರೂ ಪಾತ್ರೆ ತಿಕ್ಕುತ್ತ ಅಳು ಬಂತು. ಮೌನ ಹುಡುಕಿ ಹೊರಟವಳ ಪಕ್ಕದ ಸೀಟಿನಲ್ಲಿ ರೇಡಿಯೋ!

೧೪ ನವೆಂಬರ್, ಸೋಮವಾರ

ಪಾಂಡವಪುರದವರೆಗೆ ಬಸ್ಸಿನಲ್ಲಿ ಒಂದೇ ಸಮ ಮಾತು. ಯಾರ ತೋಟ, ಯಾರ ಮಗಳು, ಯಾರಿಗೆ ಕಣ್ಣು ಆಪರೇಷನ್ನು. ಅಲ್ಲಿ ಬಸ್ಸು ಬದಲಾಯಿಸಿದೆವು. ಊರು ದಾಟಿದ ಮೇಲೆ ಅಣೆಕಟ್ಟೆಯ ಚಾನೆಲ್ಲು, ದೊಡ್ಡ ಕಾಲುವೆ, ರಸ್ತೆಯ ಜೊತೆಗೇ ಬಂತು. ತುಂಬಿ, ಸದ್ದಿಲ್ಲದೆ ಹರಿಯುವ ನೀರು, ಆಚೆ ಬಂಗಾರದ ಬಣ್ಣಕ್ಕೆ ತಿರುಗುತ್ತಿರುವ ಭತ್ತ. ನಮ್ಮ ಕಡೆಯ ಒಣ ನೆಲ ನೋಡಿದ ಕಣ್ಣಿಗೆ ಬೇರೆ ದೇಶ. ಅತ್ತೆಮ್ಮ ಕಿಟಕಿ ಕಡೆ ತಿರುಗಿದರು. ಮಾತು ನಿಂತಿತು. ದಣಿವಿರಬೇಕು.

೧೫ ನವೆಂಬರ್, ಮಧ್ಯಾಹ್ನ

ಹಿನ್ನೀರಿನ ದಡದಲ್ಲಿ, ಹೊಂಗೆ ಮರದ ಕೆಳಗೆ ಬರೆಯುತ್ತಿದ್ದೇನೆ. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರು ಅಂತ ಗೊತ್ತಾಗುವುದಿಲ್ಲ. ಮಧ್ಯೆ ಒಂದು ತೆಪ್ಪ — ಗಾಳಿಯಲ್ಲೇ ನಿಂತಂತೆ. ಬೆಳ್ಳಕ್ಕಿಗಳು ಏಳುತ್ತವೆ, ಅಲ್ಲೇ ಕೂರುತ್ತವೆ, ಏನೂ ಅವಸರವಿಲ್ಲ. ಸೆರಗು ಹಾಸಿ ಮಲಗಿದ್ದೆ. ನಿದ್ದೆಯೋ ಎಚ್ಚರವೋ... ಎದ್ದಾಗ ನೆರಳು ನನ್ನನ್ನು ಬಿಟ್ಟು ಆಚೆ ಹೋಗಿತ್ತು. ಶಿಳ್ಳೆ ಇದೆಯಾ? ಕಿವಿಗೊಟ್ಟೆ. ಸಣ್ಣ ಅಲೆಗಳು ಕಲ್ಲು ತಡವುತ್ತಿದ್ದವು, ಅಷ್ಟೆ.

ಅತ್ತೆಮ್ಮ ನೀರಿಗೆ ಕಾಲು ಇಳಿಬಿಟ್ಟು ಕೂತಿದ್ದಾರೆ. ನಿನ್ನೆಯಿಂದ ಒಂದೇ ಒಂದು ಮಾತಿಲ್ಲ. ಕೇಳಿದ್ದಕ್ಕೆ ತಲೆ ಆಡಿಸುತ್ತಾರೆ. ಮೈಗೆ ಹುಷಾರಿಲ್ಲವೇ? ನನ್ನ ಮೇಲೆ ಸಿಟ್ಟೇ? ಈಗ ಮಾತಾಡಲಿ ಅನ್ನಿಸುತ್ತಿದೆ. ವಿಚಿತ್ರ.

೧೬ ನವೆಂಬರ್, ಸಂಜೆ

ತಮ್ಮಯ್ಯ ಡ್ಯೂಟಿಯಿಂದ ಬಂದವರೇ ಬಾಗಿಲಲ್ಲಿ ನಿಂತು ಹೇಳಿದರು: "ನಿಮ್ ಆಪೀಸಿಂದ ಪೋನ್ ಬಂದಿತ್ತು ಕಣಕ್ಕ. ಇಬ್ರಿಗೆ ಜ್ವರವಂತೆ. ನಾಳೀಕೇ ಬರ್ಬೇಕಂತೆ."

ಒಳಗೆ ಹೋಗಿ ಸೀರೆ ಮಡಿಸತೊಡಗಿದೆ. ಯೋಚನೆಯೇ ಮಾಡಲಿಲ್ಲ, ಕೈ ತಾನಾಗಿ ಮಡಿಸುತ್ತಿತ್ತು. ಅತ್ತೆಮ್ಮ ಬಂದು ಸೀರೆ ಕಿತ್ತುಕೊಂಡರು.

"ಇದುನ್ಯಾಕ್ ಮಡುಸ್ತಾ ಇದ್ದೀಯೆ?" ಎರಡು ದಿನದ ಮೇಲೆ ಮೊದಲ ಮಾತು.

"ಕರೀತಿದಾರೆ ಅತ್ತೆಮ್ಮ..."

"ಕರೀಲಿ. ನಾನ್ಯಾಕ್ ಬಂದೆ ಅನ್ಕಂಡಿದ್ದೀಯೆ? ನಾನ್ ಮನೇಲ್ ಉಳ್ಕಂಡಿದ್ರೆ 'ಅವ್ವುಂಗೆ ಉಸಾರಿಲ್ಲ' ಅಂತ ನನ್ ಮಗ ಮಾರ್ನೆ ದಿನವೇ ನಿನ್ನ ಕರ್ಕಂಡೋಗೋನು. ಅವುನ್ಗೆ ನೆಪ ಸಿಗ್ಬಾರ್ದು ಅಂತ ನಾನೇ ಎದ್ ಬಂದೆ."

ಅವರ ಕಿವಿಯ ಹತ್ತಿರ ಬಾಗಿ ಕೇಳಿದೆ, "ಮತ್ತೆ ಮಾತೇ ಆಡ್ಲಿಲ್ಲ? ನನಗೆ ಭಯ ಆಗಿತ್ತು."

"ಡಾಕ್ಟ್ರು ಏಳಿದ್ದ ಅರ್ಪಿತ ಏಳುದ್ಲು. ನಿನ್ ಕಿವಿಗೆ ರಜ ಅಲ್ವಾ? ಬಾಯ್ ಮುಚ್ಕಂಡಿರಾದು ನಂಗೇನ್ ಬರಕಿಲ್ವಾ?" ಕಿತ್ತುಕೊಂಡ ಸೀರೆಯನ್ನು ಗೂಟಕ್ಕೆ ಹಾಕಿ, "ಕಷ್ಟ ಆಯ್ತು ಅನ್ನು."

ನಕ್ಕುಬಿಟ್ಟೆ. ಅವರೂ ನಕ್ಕರು. ನನ್ನ ಕಣ್ಣಲ್ಲಿ ನೀರು. ಮದುವೆಯಾಗಿ ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೇವೆ... ಇವರನ್ನು ಕೇಳಿಸಿಕೊಂಡಿದ್ದೇನೆ, ನೋಡಿಯೇ ಇರಲಿಲ್ಲ.

ತಮ್ಮಯ್ಯನ ಜೊತೆ ಅಣೆಕಟ್ಟೆ ಆಫೀಸಿಗೆ ಹೋಗಿ ಸೂಪರ್‌ವೈಸರ್‌ಗೆ ನಾನೇ ಫೋನು ಮಾಡಿದೆ.

"ಪುಟ್ಟಲಕ್ಷ್ಮಮ್ಮ, ನಾಳೆ ಬರ್ಲೇಬೇಕಮ್ಮ."

"ಸೋಮವಾರ ಬರ್ತೀನಿ ಸಾರ್."

"ಮೆಮೊ ಕೊಡಬೇಕಾಗುತ್ತೆ."

"ಕೊಡಿ ಸಾರ್."

ಊರವರ ಮಾತನ್ನೆಲ್ಲ ದಾಟಿಸಿದ ಆ ತಂತಿಯ ಮೇಲೆ ನನ್ನ ಸ್ವಂತದ ಮಾತು ಗಟ್ಟಿಯಾಗಿ ಆಡಿದ್ದು ಇದೇ ಮೊದಲಿರಬೇಕು. ಹೊರಗೆ ಬಂದರೆ ಬಾನು ಕೆಂಪಾಗಿತ್ತು. ಮನೆಗೆ ಬಂದು ಸಿದ್ದಲಿಂಗಮ್ಮನ ಕೈಯ ಉಪ್ಪುಸಾರು ಎರಡು ಸಲ ಹಾಕಿಸಿಕೊಂಡೆ.

೧೭ ನವೆಂಬರ್, ಬೆಳಿಗ್ಗೆ

ಮಂಜು. ನೀರಿನ ಮೇಲೆ ಹೊಗೆಯ ಹಾಗೆ ಸುಳಿಯುತ್ತಿದೆ. ಅತ್ತೆಮ್ಮನ ಬಾಯಿಗೆ ಬಿಡುಗಡೆ. ಎದ್ದಾಗಿನಿಂದ ಮಾತು, ಆದರೆ ಮೆಲ್ಲಗೆ, ನೀರಿನ ಹತ್ತಿರ ಮಾತಾಡುವ ಹಾಗೆ. ಮೀನು ಹಿಡಿಯುವವನ ಜೊತೆ ಹೇಗೋ ಗೆಳೆತನ ಮಾಡಿಕೊಂಡು ತೆಪ್ಪಕ್ಕೆ ಒಪ್ಪಿಸಿದ್ದಾರೆ. ಹುಟ್ಟಿದ ಮೇಲೆ ತೆಪ್ಪ ಹತ್ತಿದವರಲ್ಲ. ಆಗಲೇ ಸೀರೆ ಎತ್ತಿ ಕಟ್ಟಿ, ನಡುವೆ ರಾಣಿಯ ಹಾಗೆ ಕೂತಿದ್ದಾರೆ. "ಬಾರವ್ವ, ಅದೇನ್ ಬರೀತಾ ಕುಂತಿದ್ದೀಯೆ" ಅಂತ ಕೈ ಬೀಸುತ್ತಿದ್ದಾರೆ. ತೆಪ್ಪ ತಿರುಗುತ್ತಿದೆ, ಅವರ ಮುಖ ಒಮ್ಮೆ ನನ್ನ ಕಡೆ, ಒಮ್ಮೆ ಮಂಜಿನ ಕಡೆ... ಇರಿ, ಬಂದೆ —