ಮೂರನೇ ದಿನದ ಎಣಿಕೆ

ಭಾಂಡುಪ್, ೧೨ ನವೆಂಬರ್, ಮಂಗಳವಾರ

ಪಾಪು ಮಲಗಿತು. ನನಗೆ ನಿದ್ದೆ ಹತ್ತುತ್ತಿಲ್ಲ. ಹರ್ಪಿಸ್ ವೈರಸ್ ತಗ್ಗಿಸುವ ಔಷಧಿಯ ಮೇಲಿನ ನಮ್ಮ ಪ್ರಬಂಧವನ್ನು ಯಾರೋ ಉಲ್ಲೇಖಿಸಿದ್ದಾರೆ. ಎರಡು ವರ್ಷ ಸೊನ್ನೆಯಾಗಿದ್ದದ್ದು ಇವತ್ತು ಒಂದಾಯಿತು. ಲ್ಯಾಬಿನಿಂದ ಶೀತಲ್ ಫೋನ್ ಮಾಡಿ, "ಲೇ, ಜಾಸ್ತಿ ಖುಷ್ ಆಗಬ್ಯಾಡ, ಬೈದಾರ" ಅಂದಳು.

ನಮ್ಮ ಪ್ರಯೋಗವನ್ನೇ ಮತ್ತೆ ಮಾಡಿದರಂತೆ, ಔಷಧಿಗೆ ವೈರಸ್ ಅಷ್ಟೇನೂ ತಗ್ಗಲಿಲ್ಲವಂತೆ. ಪ್ರಬಂಧದಲ್ಲಿ ಮೊದಲ ಹೆಸರು ನನ್ನದು. ವೈರಸ್ ಜೀವಕೋಶಗಳನ್ನು ಕೊಂದು ಮಾಡುವ ಪುಟ್ಟ ತೂತುಗಳನ್ನು, ತಟ್ಟೆಯ ಹಿಂದೆ ಪೆನ್ನಿನ ಚುಕ್ಕೆ ಇಡುತ್ತಾ ಎಣಿಸಿದವಳೂ ನಾನೇ. ತಪ್ಪಿದೆನೇ?

ಆಮೇಲೆ ಅವರ ವಿಧಾನ ಓದಿದೆ. ಅವರು ಎರಡನೇ ದಿನವೇ ಎಣಿಸಿದ್ದಾರೆ, ನಾವು ಮೂರನೇ ದಿನ. ಎರಡನೇ ದಿನ ಸಣ್ಣ ತೂತು ಕಣ್ಣಿಗೇ ಬೀಳುವುದಿಲ್ಲ, ಔಷಧಿ ಹಾಕದ ತಟ್ಟೆಯೂ ಚೊಕ್ಕವಾಗಿಯೇ ಕಾಣುತ್ತದೆ, ಹಾಕಿದ್ದಕ್ಕೂ ಹಾಕದ್ದಕ್ಕೂ ವ್ಯತ್ಯಾಸ ಸಿಗದು. ಎರಡೂ ದಿನ ಎಣಿಸಿ ತೋರಿಸಿದರೆ ಮುಗಿಯಿತು. ಆದರೆ ಅದಕ್ಕೆ ಹೆರಿಗೆ ರಜೆ ಮುರಿದು ನಾನೇ ಲ್ಯಾಬಿಗೆ ಹೋಗಬೇಕು. ಆ ವೈರಸ್ ಹಿಡಿದ ಕೈಯಲ್ಲಿ ಬಂದು ಪಾಪುವನ್ನು ಎತ್ತಿಕೊಳ್ಳುವುದೇ? ಗ್ಲೌಸ್, ಕೋಟು ಎಲ್ಲ ಇದೆ, ಗೊತ್ತು. ಆದರೂ.

ನಮ್ಮ ಪ್ರಬಂಧದ ಬಗ್ಗೆ ಯಾರೋ ಬರೆದಿದ್ದಾರೆಂದು ಅತ್ತೆಗೆ ಹೇಳಿದೆ.

"ಹೊಗಳ್ಯಾರೇನು?"

"ಇಲ್ಲ ಅತ್ತಿ, ತಪ್ಪು ಅದ ಅಂದಾರ."

ಕೊತ್ತಂಬರಿ ಸೋಸುತ್ತಿದ್ದವರು ತಲೆ ಎತ್ತಲಿಲ್ಲ. "ಮತ್ತ ಮನ್ಯಾಗ ಕುಂತು ಹ್ಯಾಂಗ ಉತ್ತರ ಕೊಡ್ತಿ? ಹೋಗು. ಹಾಲು ತೆಗೆದಿಟ್ಟು ಹೋಗು."

ಸೋಮವಾರ ಬರುತ್ತೇನೆಂದು ಶೀತಲ್‌ಗೆ ಬರೆದೇಬಿಟ್ಟೆ. ಸೋಮವಾರ ಜೀವಕೋಶ, ಮಂಗಳವಾರ ವೈರಸ್, ಗುರುವಾರ ಎರಡನೇ ದಿನದ ಎಣಿಕೆ, ಮೂರನೇ ದಿನ ಅಂದರೆ ಶುಕ್ರವಾರ. ಅವತ್ತೇ ಪಾಪುವಿಗೆ ಆರು ತಿಂಗಳು ತುಂಬಿ ಮೊದಲ ಅನ್ನ. ಬೆಳಿಗ್ಗೆ ಆರರ ಲೋಕಲ್ ರೈಲು ಹಿಡಿದು ಎಣಿಸಿ ಬಂದರೆ ಮಧ್ಯಾಹ್ನ ಮೊದಲ ತುತ್ತು ನಾನೇ ಉಣಿಸಬಹುದು.