ನನ್ನ ಅರಿವಿ ಹರಿದಿಲ್ಲ

ರಬಕವಿ
೯ ಫೆಬ್ರುವರಿ ೨೦೨೫, ರವಿವಾರ

ಈ ಲಕೋಟೆ ಒಡೆದವನು ನನ್ನ ಮೊಮ್ಮಗ ಯುವರಾಜನಲ್ಲದೆ ಅವನ ಖೋಲಿಯ ಗೆಳೆಯನಾಗಿದ್ದರೆ, ನಾಚಿಕೆ ಇರಲಪ್ಪಾ ನಿನಗೆ. ಮಡಚಿ ಅವನ ಹಾಸಿಗೆಯ ಮೇಲಿಟ್ಟು ಹೊರಗೆ ನಡೆ. ಯುವರಾಜನೇ ಆಗಿದ್ದರೆ, ಅದರ ಎರಡರಷ್ಟು ನಾಚಿಕೆ ನಿನಗಿರಲಿ. ಹನ್ನೊಂದು ಸಲ ಫೋನ್ ಹಚ್ಚಿಸಿದೆ, ಒಂದು ಸಲವೂ ಎತ್ತಲಿಲ್ಲ. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟ ಮುದುಕಿಯನ್ನು ಈ ವಯಸ್ಸಿನಲ್ಲಿ ಅಕ್ಷರ ಹುಡುಕುತ್ತ ಕೂಡ್ರಿಸಿದೆಯಲ್ಲೋ! ಒತ್ತು, ದೀರ್ಘ ತಪ್ಪಿದ್ದರೆ ನೀನೇ ತಿದ್ದಿಕೊಂಡು ಓದು.

ಪ್ರೀತಿಯ ಯುವರಾಜಾ, ಹೇಗಿದ್ದೀ? ಪುಣೆಯ ಆ ಮೆಸ್ಸಿನ ಊಟ ಹೊಟ್ಟೆಗೆ ಹತ್ತುತ್ತದೆಯೇ? ನಿನಗೆ ಚಳಿಗಾಲದಲ್ಲಿ ಕೆಮ್ಮು ಬರುತ್ತದೆ, ಎದೆಗೆ ಓಮಿನ ಎಣ್ಣೆ ಹಚ್ಚಿಕೊ. ಕೆಲಸದಲ್ಲಿ ತಲೆ ಹೊಕ್ಕರೆ ಉಣ್ಣುವುದನ್ನೇ ಮರೆಯುತ್ತೀ, ಸಣ್ಣವನಿದ್ದಾಗಿಂದ ಹಾಗೇ. ಇಲ್ಲಿ ನಿನ್ನ ಅವ್ವ ಮಾದೇವಿಯ ಮೊಣಕಾಲು ಬಾತಿದೆ, ಆದರೂ ಮೂರು ಸಲ ಮಾಳಿಗೆ ಹತ್ತಿ ಇಳಿಯುತ್ತಾಳೆ, ಹೇಳಿದರೆ ಕೇಳುವವಳಲ್ಲ. ನಿನ್ನ ಅಪ್ಪ ದಿನಾ ನಿನ್ನನ್ನು ನೆನೆಸಿಕೊಳ್ಳುತ್ತಾನೆ. ನಾನು ನೆಟ್ಟಗಿದ್ದೇನೆ ಎಂದು ಬರೆಯಬೇಕು, ಬರೆದೆ.

ನನ್ನ ಮಗ್ಗ ನಿಂತು ತಿಂಗಳ ಮೇಲಾಯಿತು. ಇನ್ನೂ ನಿಂತೇ ಇದೆ ಎಂದು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ವಿಮಾನ ಬಿದ್ದ ದಿನ ಸಂಜೆ ನೀನು ನನ್ನ ಕಾಲ ಬಳಿ ಕುಳಿತು, "ಆಯೀ, ಅರಿವಿ ತಡೀಲಿಲ್ಲ. ರೆಕ್ಕಿ ಮ್ಯಾಲಿಂದು ಹರದು ಹೋತು" ಎಂದೆಯಲ್ಲ, ಮರುದಿನ ಬೆಳಿಗ್ಗೆ ಎದ್ದವಳೇ ಮಗ್ಗದ ಕುಣಿಗೆ ಇಳಿದು, ಅರ್ಧ ನೇಯ್ದ ಸೀರೆಯ ಹಾಸಿನ ಎಳೆಗಳನ್ನೆಲ್ಲ ಕತ್ತರಿಸಿ ತೆಗೆದೆ. ಐವತ್ತೆಂಟು ವರ್ಷದಲ್ಲಿ ನಾನು ಹಾಸು ಕತ್ತರಿಸಿದ್ದು ಅದೊಂದೇ ಸಲ. ನಿನ್ನ ಅಜ್ಜ ಸತ್ತಾಗಲೂ ಕತ್ತರಿಸಿರಲಿಲ್ಲ, ಹದಿಮೂರು ದಿನ ಬಟ್ಟೆ ಮುಚ್ಚಿಟ್ಟು ಹದಿನಾಲ್ಕನೆಯ ದಿನ ಲಾಳಿ ಹಿಡಿದಿದ್ದೆ. ನನ್ನ ಕೈ ನೇಯ್ದ ಅರಿವಿಯಿಂದ ಒಬ್ಬ ಮನುಷ್ಯನ ಎರಡೂ ಕಾಲು ಮುರಿದವು ಎಂದ ಮೇಲೆ ಆ ಕೈಗೆ ಇನ್ನೆಂಥ ಲಾಳಿ?

ನೀನು ಏರ್‌ಫೋರ್ಸಿನ ನೌಕರಿ ಮುಗಿಸಿ, ಹಳೆಯ ಮಿಲಿಟರಿ ವಿಮಾನ ರಿಪೇರಿ ಮಾಡುವ ಆ ಟ್ರಸ್ಟು ಸೇರಿದಾಗ ನಾನು ನಕ್ಕಿದ್ದೆ. "ಆ ಕಾಲದ ವಿಮಾನಕ್ಕ ತಗಡಿಲ್ಲ ಆಯೀ, ಕಟ್ಟಿಗಿ ಹಂದರ, ಮ್ಯಾಲೆ ಅರಿವಿ" ಎಂದೆ. ಬೇಕಾದ ಅರಿವಿ ಪರದೇಶದಿಂದ ಬರಲಿಲ್ಲವೆಂದು ನನ್ನ ಬಳಿ ಬಂದೆ. ನಾಲ್ಕು ತಿಂಗಳು ನೇಯ್ದೆ. ಮೊದಲಿನ ತುಂಡಿಗೆ ನೀನು ಮರಳಿನ ಚೀಲ ತೂಗುಹಾಕಿ, ಹರಿಯಲಿಲ್ಲವೆಂದು ಕುಣಿದಾಡಿದೆ. ನಾನು ಅರಿವಿ ಸುತ್ತಿ ಕೊಟ್ಟಾಗ ನನ್ನ ಬೆರಳು ಹಿಡಿದು ಕಣ್ಣಿಗೆ ಒತ್ತಿಕೊಂಡೆ. ಆ ಬೆರಳುಗಳ ಮೇಲೇ ತಪ್ಪು ಹೊರಿಸುವಾಗ ನಿನಗೆ ಏನೂ ಅನ್ನಿಸಲಿಲ್ಲವೇ?

ಪೇಪರಿನಲ್ಲಿಯೂ ಬಂತು. ಓಣಿಯಲ್ಲಿ ನೀರಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಾರೆ. ಎದುರು ಮನೆಯ ಗಂಗಾರಾಮ ಒಳ್ಳೆಯವನೇ, ಬಾಯಿ ಮಾತ್ರ ಸಡಿಲು. "ಕಸ್ತೂರೆವ್ವಾ, ನನ್ನ ಧೋತರ ನಿನ್ನ ಮಗ್ಗದ್ದು, ಬಸ್ ಹತ್ತೂಮುಂದ ಅಂಜಿಕಿ ಬರತೈತಿ" ಎಂದ. ಎಲ್ಲರೂ ನಕ್ಕರು. ಮೊದಲಾಗಿದ್ದರೆ ಅವನ ಧೋತರ ಅಲ್ಲಿಯೇ ಬಿಚ್ಚಿಸುತ್ತಿದ್ದೆ. ಅಂದು ತಲೆ ತಗ್ಗಿಸಿಕೊಂಡು ಬಂದೆ.

ವಿಮಾನ ನಡೆಸಿದ ಜಮಖಂಡಿಯ ನಂದಕಿಶೋರ ಸಾಹೇಬರನ್ನು ನೋಡಲು ದವಾಖಾನೆಗೂ ಹೋಗಿದ್ದೆ. ಎರಡೂ ಕಾಲಿಗೆ ಕಬ್ಬಿಣದ ಸಳಿ ಹಾಕಿದ್ದಾರೆ. ತಲೆಗೆ ಪೆಟ್ಟು ಬಿದ್ದು, ವಿಮಾನ ಓಡಲು ಶುರುವಾದ ಮೇಲಿನದು ಅವರಿಗೆ ಒಂದೂ ನೆನಪಿಲ್ಲ. ಅವರ ಹೆಂಡತಿ ರಸಿಕಾಬಾಯಿ ನನ್ನನ್ನು ನೋಡಿ ಗೋಡೆಯ ಕಡೆ ಮುಖ ತಿರುಗಿಸಿದಳು. ಸಾಹೇಬರು ಮಾತ್ರ ನನ್ನ ಕೈ ಹಿಡಿದು, "ಅಜ್ಜೀ, ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ. ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲ" ಎಂದರು. ನಾನು ಮಾಡದ ತಪ್ಪನ್ನು ಅವರು ಕ್ಷಮಿಸಿದರು, ಯುವರಾಜಾ. ನಾನು ಸೆರಗಿನಿಂದ ಕಣ್ಣೊರೆಸಿಕೊಂಡು ಆ ಕ್ಷಮೆ ತೆಗೆದುಕೊಂಡು ಬಂದೆ.

ಮೊನ್ನೆ ಜಕ್ಕಪ್ಪ ಬಂದಿದ್ದ. ಮುರಿದ ವಿಮಾನವನ್ನು ಕಬ್ಬಿನ ಹೊಲದಿಂದ ಹೇರಿಕೊಂಡು ಹೋದದ್ದು ಅವನದೇ ಟ್ರ್ಯಾಕ್ಟರ್. ಟ್ರೇಲಿಯ ಮೂಲೆಯಲ್ಲಿ ಸಿಕ್ಕಿತೆಂದು ರೆಕ್ಕೆಯ ತುಂಡೊಂದನ್ನು ತಂದುಕೊಟ್ಟ. ನಾನು ಅದನ್ನು ಬಿಸಿಲಿಗೆ ಹಿಡಿದು ನೋಡಿದೆ. ಅರಿವಿ ತಾನಾಗಿ ಹರಿದರೆ ಎಳೆಗಳು ಒಂದು ಉದ್ದ, ಒಂದು ಗಿಡ್ಡ ಆಗಿ, ತುದಿಗೆ ಜುಂಜು ಎದ್ದಿರುತ್ತದೆ. ಇದರ ಅಂಚು ಹಜಾಮನ ಕತ್ತಿಯಿಂದ ಬೋಳಿಸಿದ ಹಾಗೆ ನೆಟ್ಟಗಿತ್ತು. ಸಾಹೇಬರನ್ನು ಹೊರಗೆ ತೆಗೆಯಲು ಚಾಕುವಿನಿಂದ ಕೊಯ್ದದ್ದು ಅದು. ಕೊಯ್ಯದ ಕಡೆಯಲ್ಲಿ ಒಳಗಿನ ಕಟ್ಟಿಗೆ ಮೂರು ಚೂರಾಗಿದೆ, ಆ ಮೂರನ್ನೂ ಅರಿವಿ ಹಿಡಿದುಕೊಂಡಿದೆ. ಒಂದು ಎಳೆಯೂ ಕಡಿದಿಲ್ಲ. ತನಿಖೆ ಮಾಡುವವರಿಗೆ ಇದು ತಿಳಿಯದಿರಬಹುದು. ಮಗ್ಗದ ಮನೆಯಲ್ಲಿ ಹುಟ್ಟಿದ ನಿನಗೆ ತಿಳಿಯುತ್ತದೆ.

ಆಗ ನೀನು ಅಟ್ಟಕ್ಕೆ ಒಗೆದು ಹೋದ ಚೀಲ ನೆನಪಾಯಿತು. "ಅದನ್ನ ಮುಟ್ಟಬ್ಯಾಡ, ಆಮ್ಯಾಲೆ ಒಯ್ಯತೇನಿ" ಎಂದಿದ್ದೆ. ಮುಟ್ಟಿದೆ. ಎಣ್ಣೆ ಹತ್ತಿದ ಪ್ಯಾಂಟಿನೊಳಗೆ ಸುತ್ತಿಟ್ಟ ಗೇಣುದ್ದದ ಕಟ್ಟಿಗೆಯ ಕ್ಲಿಪ್ಪು, ಅದಕ್ಕೊಂದು ಕೆಂಪು ಪಟ್ಟಿ. ಇದೇನೆಂದು ನನಗೆ ಗೊತ್ತು, ನೀನೇ ತೋರಿಸಿದ್ದೆ. ವಿಮಾನ ನಿಂತಾಗ ಬಾಲದ ರೆಪ್ಪೆ ಗಾಳಿಗೆ ಬಡಿದಾಡಬಾರದೆಂದು ಸಿಕ್ಕಿಸುವುದು, ಹಾರುವ ಮೊದಲು ಮರೆಯದೆ ತೆಗೆಯಬೇಕೆಂದು ಕೆಂಪು ಪಟ್ಟಿ. ತೆಗೆಯದಿದ್ದರೆ ವಿಮಾನ ಓಡುತ್ತದೆ, ಮೂಗು ಮಾತು ಕೇಳುವುದಿಲ್ಲ.

ಅದು ಯಾಕೆ ಉಳಿಯಿತು ಎಂಬುದೂ ನನಗೆ ಗೊತ್ತು. ಎಳ್ಳಮಾಸಿ ಹಬ್ಬ ಮುಗಿದ ಮೇಲಿನ ಆ ರವಿವಾರ, ಬೀಳಗಿ ದಾರಿಯ ಆ ಸಾಹುಕಾರರ ವಿಮಾನಪಟ್ಟಿಯಲ್ಲಿ ಜನವೋ ಜನ. ನೆರೆಮನೆಯ ರುಕ್ಮವ್ವ ವಿಮಾನ ನೋಡಿ ಬಾಯಿ ಹಾಕಿದಳು: "ನಮ್ಮ ಓಣಿ ಅರಿವಿ ಉಟ್ಟಾಳ ಅಂದ ಮ್ಯಾಲೆ ನಮ್ಮ ಮನಿ ಮಗಳ. ಉಡಿ ತುಂಬದ ಹೆಂಗ ಕಳಸೂದು?" ಐದು ಮಂದಿ ಮುತ್ತೈದೆಯರು ಕುಪ್ಪಸದ ಐದು ಕೆಂಪು ಖಣ ತಂದಿದ್ದರು. "ಮುಂದ ಪಂಖಾ ಐತಿ, ಹಿಂದ ಬಾಲಕ್ಕ ಕಟ್ರಿ" ಎಂದವನು ನೀನು. ಹಾರುವ ಹೊತ್ತಿಗೆ ಓಡಿಬಂದು ಬಿಚ್ಚಿ, ನನ್ನ ಮಡಿಲಿಗೆ ಹಾಕಿ, "ಐದೂ ಆದೂ" ಎಂದು ಹೋದವನೂ ನೀನೇ. ಅವಸರದಲ್ಲಿ ಕೆಂಪಿನಲ್ಲಿ ಕೆಂಪು ಕಾಣಲಿಲ್ಲ, ಕ್ಲಿಪ್ಪು ಅಲ್ಲೇ ಉಳಿಯಿತು. ಮನುಷ್ಯನ ಕಣ್ಣು ತಪ್ಪುತ್ತದೆ. ಅಲ್ಲಿಯವರೆಗೆ ನಿನ್ನ ಮೇಲೆ ನನಗೆ ಸಿಟ್ಟಿಲ್ಲ.

ನನ್ನದನ್ನೂ ಮುಚ್ಚಿಡುವುದಿಲ್ಲ. ವಿಮಾನ ಓಡಲು ಶುರುವಾದಾಗ ಬಾಲದಲ್ಲಿ ಏನೋ ಕೆಂಪಗೆ ಪಟಪಟ ಅನ್ನುವುದನ್ನು ನಾನು ಕಂಡೆ. ರುಕ್ಮವ್ವ ಮೊಣಕೈಯಿಂದ ತಿವಿದು, "ಒಂದ ಖಣ ಉಳೀತ ನೋಡ, ಛಲೋ ಆತು, ಸಂಗಾಟ ಹೋಗಲಿ" ಎಂದಳು. ಐದೂ ನನ್ನ ಮಡಿಲಲ್ಲೇ ಇದ್ದವು. ಎಣಿಸಲಿಲ್ಲ, ಕೈಬೀಸಿ ನಕ್ಕೆ. ಅದು ವಿಮಾನಪಟ್ಟಿಯ ತುದಿಯವರೆಗೆ ಓಡಿ, ಒಮ್ಮೆ ಜಿಗಿದು, ಮೂಗು ಮುಂದಾಗಿ ಕಬ್ಬಿನೊಳಗೆ ಬೀಳುವತನಕ ನಗುತ್ತಲೇ ಇದ್ದೆ. ನೀನು ಎಲ್ಲರಿಗಿಂತ ಮುಂದೆ ಓಡಿದೆ. ಸಾಹೇಬರನ್ನು ಉಳಿಸಲು ಓಡಿದನೆಂದು ಎದೆ ಉಬ್ಬಿತ್ತು ನನಗೆ. ಮೊದಲು ಬಾಲದ ಹತ್ತಿರ ಹೋದೆಯೋ, ಅವರ ಹತ್ತಿರ ಹೋದೆಯೋ? ಇದನ್ನು ಕೇಳಲೆಂದೇ ಹನ್ನೊಂದು ಸಲ ಫೋನ್ ಮಾಡಿಸಿದ್ದು.

ಗಾಬರಿಯಲ್ಲಿ ಒಂದು ಸುಳ್ಳು ಬಾಯಿಂದ ಬಿತ್ತು ಎಂದುಕೊಳ್ಳೋಣ. ಆಮೇಲೆ ಆರು ದಿನ ಈ ಮನೆಯಲ್ಲಿದ್ದೆಯಲ್ಲ, ಖಾಲಿ ಮಗ್ಗ ನೋಡಿದೆಯಲ್ಲ, ನಾನು ರೊಟ್ಟಿ ಮುಟ್ಟದೆ ಏಳುವುದನ್ನು ನೋಡಿದೆಯಲ್ಲ. "ಉಣ್ಣ ಆಯೀ" ಎಂದು ನನ್ನ ಬಾಯಿಗೆ ತುತ್ತು ಇಟ್ಟೆ. ಆಗಲಾದರೂ ಹೇಳಬಾರದಿತ್ತೇನೋ? ಹೊರಗಿನವರು ಹೆಸರು ಕೆಡಿಸಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ನಾನು ತೊಡೆಯ ಮೇಲೆ ಬೆಳೆಸಿದ ಕೂಸು, ಮುದುಕಿ ಇನ್ನೆಷ್ಟು ದಿನ ಇದ್ದಾಳು, ಹೊತ್ತುಕೊಳ್ಳಲಿ ಎಂದು ಲೆಕ್ಕ ಹಾಕಿತಲ್ಲ!

ಇಷ್ಟಾದರೂ ನೀನು ಚೆನ್ನಾಗಿರು, ದೇವರು ನಿನ್ನ ಕೈಗೆ ಬಲ ಕೊಡಲಿ, ಬಾಯಿಗೆ ಅದಕ್ಕಿಂತ ಹೆಚ್ಚು ಕೊಡಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಆಯಿ
ಕಸ್ತೂರೆವ್ವ

ತಾ.ಕ.: ಇಂದು ಸೋಮವಾರ, ಪೋಸ್ಟಿನವನು ಅಂಗಳಕ್ಕೆ ಬಂದು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ತನಿಖೆಯ ಸಾಹೇಬರು ಮಾರ್ಚ್ ಮೂರಕ್ಕೆ ನನ್ನ ಹೇಳಿಕೆ ಬರೆದುಕೊಳ್ಳಲು ಬರುತ್ತಾರಂತೆ, ನೋಟೀಸು ಬಂದಿದೆ. ಕ್ಲಿಪ್ಪು ಸಿಕ್ಕಿದ್ದನ್ನು ನಿನ್ನ ಅಪ್ಪ ಅವ್ವನಿಗೂ ಹೇಳಿಲ್ಲ. ನೀನು ಬಂದು ಮೊದಲು ನಂದಕಿಶೋರ ಸಾಹೇಬರ ಹಾಸಿಗೆಯ ಬಳಿ ನಿಂತು ನಿನ್ನ ಬಾಯಿಂದ ಹೇಳಿದರೆ, ಪಕ್ಕದಲ್ಲಿ ನಿಂತು ನಾನು ಕಂಡದ್ದನ್ನೂ ಹೇಳುತ್ತೇನೆ, ಬೈಗುಳ ಇಬ್ಬರೂ ಹಂಚಿಕೊಳ್ಳೋಣ. ಬರದಿದ್ದರೆ ಮೂರನೆಯ ತಾರೀಕು ಆ ಕ್ಲಿಪ್ಪನ್ನು ಅವರ ಮುಂದೆ ಇಡುವವಳು ನಾನೇ. ಫೋನ್ ಮಾಡಬೇಡ, ನಿನ್ನ ದನಿ ಕೇಳಿದರೆ ಕರಗಿಬಿಡುತ್ತೇನೆ. ಬರುತ್ತೀಯೋ ಇಲ್ಲವೋ, ಮಾರ್ಚ್ ಹುಟ್ಟುವುದರೊಳಗೆ ನಿನ್ನ ಕೈಯಿಂದಲೇ ಬರೆದು ಕಳಿಸು.