ಗೃಹಪ್ರವೇಶದ ಫೋಟೊ ನೋಡಿ ನಮ್ಮನ್ನು ಮಾಲೀಕರನ್ನಾಗಿ ಮಾಡಿದವರಿಗೆ

ವಸತಿ ಹಂಚಿಕೆಯ ಮಾನ್ಯ ಅಧಿಕಾರಿಗಳೇ,

ನಮ್ಮ ತಂದೆ ರಾಮಯ್ಯನವರಿಗೆ ಜರಗನಹಳ್ಳಿಯಲ್ಲಿ ಮೂರಂತಸ್ತಿನ ಸ್ವಂತ ಮನೆ ಇದೆ ಎಂದು ನೀವು ಬರೆದು, ನಮ್ಮ ಅರ್ಜಿ ತಿರಸ್ಕರಿಸಿದ್ದೀರಿ. ಮನೆ ಇರುವ ಸಂಗತಿ ನಮಗೆ ನಿಮ್ಮ ಪತ್ರ ಬಂದ ಮೇಲೆಯೇ ತಿಳಿಯಿತು. ಮೂವತ್ತೊಂದು ವರ್ಷ ಜೆ.ಪಿ. ನಗರದ ಪಾರ್ಕಿನಲ್ಲಿ ಮಾಲಿಯಾಗಿದ್ದು, ಪಂಪಿನ ಪಕ್ಕದ ಒಂದೇ ಕೋಣೆಯಲ್ಲಿ ಸಂಸಾರ ಮಾಡಿದ ಮನುಷ್ಯ ಇಷ್ಟು ದೊಡ್ಡ ಗುಟ್ಟನ್ನು ಹೆಂಡತಿ ಮಗಳಿಂದ ಹೇಗೆ ಮುಚ್ಚಿಟ್ಟರು?

ಈ ತಿಂಗಳ ಕೊನೆಗೆ ಅಪ್ಪ ನಿವೃತ್ತರಾಗುತ್ತಾರೆ. ಮರುದಿನವೇ ಕೋಣೆಯ ಬೀಗದ ಕೈ ಒಪ್ಪಿಸಬೇಕು. ನಿವೃತ್ತ ಕೆಲಸಗಾರರ ಒಂದು ಕೋಣೆಯ ಮನೆಗೆ ಹಾಕಿದ ಆ ಅರ್ಜಿಯಲ್ಲಿ ‘ನಿವೃತ್ತಿಯ ನಂತರ ವಾಸಿಸಲು ಇಚ್ಛಿಸುವ ಸ್ಥಳ’ ಎಂಬ ಕಾಲಂ ಇತ್ತು. ನಮ್ಮ ಇಚ್ಛೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲವಾದ್ದರಿಂದ ಆ ಒಂದು ಗೆರೆ ತುಂಬಲು ಹದಿನೈದು ದಿನ ಹಿಡಿಯಿತು. ಕೆರೆ ಇದೆಯೆಂದು ಅಪ್ಪ ಹುಳಿಮಾವು ಎಂದರು. ಅಮ್ಮ ಸೊಣ್ಣಮ್ಮ ಒಪ್ಪಲಿಲ್ಲ. “ಕೆರೆ ನೋಡ್ಕೊಂಡ್ರೆ ಹೊಟ್ಟೆ ತುಂಬ್ತದಾ? ನಾನು ಕೆಲ್ಸದ ಮನೆಗಳಿಗೆ ಬರೋದು ಬೇಡ್ವಾ?” ಕನಕಪುರ ರಸ್ತೆಯ ಬಸ್ಸು ಸಿಗುತ್ತದೆಂದು ಕೊನೆಗೆ ಅಂಜನಾಪುರ ಎಂದು ಬರೆದೆ.

ಇನ್ನು ಆ ಮೂರಂತಸ್ತು. ಅದು ಸಂಜೀವಯ್ಯನವರದು. ಅಪ್ಪನೂ ಅವರೂ ಜರಗನಹಳ್ಳಿಯಲ್ಲಿ ಒಟ್ಟಿಗೆ ದನ ಮೇಯಿಸಿದವರು. ಜಮೀನು ಅವರದು, ಕೂಲಿ ನಮ್ಮದು. ಕಟ್ಟಡದ ಗೃಹಪ್ರವೇಶದ ಹೊತ್ತಿಗೆ ಅವರ ಹೆಂಡತಿ ತೀರಿಕೊಂಡಿದ್ದರು, ಮಗನಿಗೆ ಮದುವೆಯಾಗಿರಲಿಲ್ಲ. ಪೂಜೆಗೆ ದಂಪತಿ ಕೂರಬೇಕಲ್ಲವೇ? “ನೀನೂ ಸೊಣ್ಣಮ್ಮನೂ ಕೂತ್ಕೊಳ್ರೋ ರಾಮ, ನಿಮಗಿಂತ ಹತ್ತಿರದೋರು ನಂಗ್ಯಾರಿದಾರೆ” ಎಂದರು. ಇವರು ಕೂತರು. ಆ ಫೋಟೊಗೆ ಕಟ್ಟು ಹಾಕಿಸಿ ಸಂಜೀವಯ್ಯನವರು ಮೆಟ್ಟಿಲ ಬಳಿ ನೇತುಹಾಕಿದರು.

ಅಪ್ಪನ ಹುಟ್ಟೂರೆಂದು ವಿಚಾರಣೆಗೆ ಹೋದ ನಿಮ್ಮ ಸಿಬ್ಬಂದಿ ಅದನ್ನು ಕಂಡರು. ಅರ್ಜಿಯಲ್ಲಿದ್ದ ಮುಖಕ್ಕೆ ಹೋಲಿಸಿದರು, ಮೊಬೈಲಿನಲ್ಲಿ ಹಿಡಿದರು, ಮಾಲೀಕರೆಂದು ಬರೆದರು. ಅಲ್ಲಿದ್ದ ಬಾಡಿಗೆಯವರನ್ನು ಒಂದು ಮಾತು ಕೇಳಬಾರದಿತ್ತೇ? ಫೋಟೊದಲ್ಲಿ ಅಪ್ಪ ಉಟ್ಟಿರುವ ರೇಷ್ಮೆ ಪಂಚೆಯೂ ಸಂಜೀವಯ್ಯನವರದೇ.

ನಿಮ್ಮ ಕಚೇರಿಗೆ ಮೂರು ಸಲ ಬಂದೆವು. “ಬಿಲ್ಡಿಂಗ್ ಇಟ್ಕೊಂಡು ಬಡವರ ಮನೆಗೆ ಕೈ ಹಾಕ್ತೀರಲ್ಲ ಯಜಮಾನ್ರೇ” ಎಂದು ಕೌಂಟರಿನವರು ಕೇಳಿದರು.

“ಸಾರ್, ನಾವು ಕೂತಿದ್ದು ಪೂಜೆಗೆ” ಎಂದು ಅಪ್ಪ ಹೇಳಿದಾಗ ಸಾಲಿನಲ್ಲಿದ್ದವರೆಲ್ಲ ನಕ್ಕರು. ಮೂರನೆಯ ಸಲ ಸಂಜೀವಯ್ಯನವರೇ ಕಂದಾಯದ ರಸೀದಿ ಹಿಡಿದು ಬಂದರು. ವರದಿ ತಿದ್ದುವ ಅಧಿಕಾರ ನಿಮಗೊಬ್ಬರಿಗೇ ಇರುವುದೆಂದು ಕೌಂಟರಿನವರು ಹೇಳಿ ಕಳಿಸಿದರು. ನಿಮ್ಮ ಬಾಗಿಲು ಮುಚ್ಚಿತ್ತು. ತಟ್ಟಿ ಒಳಗೆ ಬಂದು ಮಾತಾಡುವ ಧೈರ್ಯ ನನಗಿಲ್ಲ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಫೋಟೊದಲ್ಲಿದ್ದವರೇ ಮಾಲೀಕರಾದರೆ, ಪಾರ್ಕಿನ ಹೊಸ ಗೇಟು ಉದ್ಘಾಟನೆಯಾದ ದಿನದ ಫೋಟೊದಲ್ಲಿ ಅಪ್ಪ ಮುಂದೆಯೇ ನಿಂತಿದ್ದಾರೆ. ದಯವಿಟ್ಟು ಪಾರ್ಕನ್ನು ನಮ್ಮ ಹೆಸರಿಗೆ ಮಾಡಿಕೊಡಿ. ಎಲ್ಲಿಗೆ ಹೋಗುವುದೆಂಬ ಚಿಂತೆ ತಪ್ಪುತ್ತದೆ.

ಪಾತ್ರೆಗಳನ್ನು ಮೂಟೆ ಕಟ್ಟಿಯಾಗಿದೆ. ಯಾವ ಬಸ್ಸು ಹತ್ತಬೇಕೆಂದು ಅಮ್ಮ ದಿನವೂ ಕೇಳುತ್ತಾಳೆ. ಅಪ್ಪ ಎದ್ದುಹೋಗಿ, ಆಗಲೇ ನೀರು ಬಿಟ್ಟ ಗಿಡಗಳಿಗೆ ಮತ್ತೆ ನೀರು ಬಿಡುತ್ತಾರೆ. ನಮಗೆ ಇನ್ನಷ್ಟು ತೊಂದರೆಯಾದೀತೆಂದು ಸಂಜೀವಯ್ಯನವರು, ಪಾಪ, ಆ ಫೋಟೊವನ್ನು ಗೋಡೆಯಿಂದ ಇಳಿಸಿಬಿಟ್ಟಿದ್ದಾರೆ. ನಮಗೆ ಜಾಗವಿದ್ದ ಮನೆ ಅದೊಂದೇ.

ತಿಂಗಳು ಮುಗಿಯುವ ಮೊದಲು ನೀವೇ ಪಾರ್ಕಿಗೆ ಬಂದು ನಮ್ಮ ಕೋಣೆ ನೋಡಿ, ಆ ವರದಿಯನ್ನು ರದ್ದು ಮಾಡಬೇಕು. ಹದಿನೈದು ದಿನ ಯೋಚಿಸಿ ಬರೆದ ಅಂಜನಾಪುರ ಎಂಬ ಹೆಸರನ್ನು ಹೊಡೆದುಹಾಕಬೇಡಿ. ಬೇರೆ ಊರು ಯೋಚಿಸಲು ನಮ್ಮಲ್ಲಿ ದಿನಗಳಿಲ್ಲ.

ಇಂತಿ,
ನಿಮ್ಮ ಕಡತದ ಪ್ರಕಾರ ಮೂರಂತಸ್ತಿನ ಮನೆಯ ಒಬ್ಬಳೇ ಮಗಳು,
ಚೈತ್ರ
ಪಂಪಿನ ಪಕ್ಕದ ಕೋಣೆ, ತಿಂಗಳ ಕೊನೆಯವರೆಗೆ